ನೆರೆಮನೆಯ ಹೆಂಗಸಿನ ಪ್ರಶ್ನೆ

ನಮ್ಮ ಕಡೆ ಹೆಂಗಸರಿಗೆ ಧರ್ಮದ ವಿಷಯದಲ್ಲಿ ಏನಾದರೂ ಸಂಶಯ ಬಂದರೆ ಅದು ಯಾವತ್ತೂ ಅವರದ್ದಾಗಿರುವುದಿಲ್ಲ. ನೆರೆಮನೆಯವಳದ್ದಾಗಿರುತ್ತದೆ, ಇಲ್ಲವೇ ಯಾರೋ ದೂರದ ನೆಂಟರದ್ದು. ಹೆಂಡತಿ ಗಂಡನಿಗೆ ಹೇಳುತ್ತಾಳೆ. ಗಂಡ ನಮಾಝ್ ಮುಗಿದ ಮೇಲೆ ಮೌಲಾನಾರ ಪಕ್ಕ ಕೂತು, ಗಂಟಲು ಸರಿಮಾಡಿಕೊಂಡು, "ಒಬ್ಬ ಹೆಂಗಸು ಕೇಳ್ತಿದ್ದಾಳೆ" ಅನ್ನುತ್ತಾನೆ. ಆ ಒಬ್ಬ ಹೆಂಗಸು ಯಾರೆಂದು ಮೌಲಾನಾರಿಗೂ ಗೊತ್ತು. ಅವರು ಗೋಡೆ ನೋಡುತ್ತ ಉತ್ತರ ಕೊಡುತ್ತಾರೆ. ಮೀನು ತಂದ ಚೀಲದ ಜೊತೆಗೇ ಉತ್ತರವೂ ಮನೆಗೆ ಬರುತ್ತದೆ. ನಮ್ಮ ಅಜ್ಜಿಯರ ಕಾಲದಿಂದ ಹೀಗೆ ನಡೆದು ಬಂದಿದೆ, ಇದರಿಂದ ಯಾರಿಗೂ ತೊಂದರೆಯಾದದ್ದನ್ನು ನಾನು ಕೇಳಿಲ್ಲ. ನನಗಾಯಿತು, ಅದನ್ನು ಬರೆಯುತ್ತಿದ್ದೇನೆ.

ನಾನು ಹೊನ್ನಾವರದವಳು. ಅಲ್ಲಿನ ಕನ್ನಡ ಶಾಲೆಯಲ್ಲಿ ಓದಿದ್ದರಿಂದ ಬರೆಯುವುದೆಂದರೆ ನನಗೆ ಕನ್ನಡವೇ. ಮನೆಯಲ್ಲಿ ಉರ್ದು. ಮದುವೆಯಾಗಿ ಭಟ್ಕಳಕ್ಕೆ ಬಂದ ಮೇಲೆ ನವಾಯತಿ ಕಲಿತೆ. ಭಾಷೆ ಕಲಿಯುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಬೇರೆ. ನನ್ನ ತವರಿನವರು ಹನಫಿ, ಗಂಡನ ಮನೆಯವರು ಶಾಫಿ. ಕುರ್‌ಆನ್ ಒಂದೇ, ಪೈಗಂಬರರು ಒಬ್ಬರೇ, ದಿನಕ್ಕೆ ನಮಾಝ್ ಐದೇ. ಆದರೆ ಹಿಂದಿನ ದೊಡ್ಡ ವಿದ್ವಾಂಸರು ಅದನ್ನೆಲ್ಲ ಓದಿ ತಿಳಿದುಕೊಂಡ ರೀತಿಯಲ್ಲಿ ಅಲ್ಲಲ್ಲಿ ವ್ಯತ್ಯಾಸ ಇದೆ. ಆ ತಿಳುವಳಿಕೆಗೇ ಫಿಕ್ಹ್ ಅನ್ನುವುದು. ನನಗೆ ಆಗ ಇದೆಲ್ಲ ಗೊತ್ತಿರಲಿಲ್ಲ. ನಮ್ಮಮ್ಮ ಏಡಿ ತಿನ್ನಬಾರದು ಅಂದಿದ್ದರು, ಇಲ್ಲಿ ಬಂದ ಮರುವಾರ ಅತ್ತೆ ಒಂದು ಬುಟ್ಟಿ ಏಡಿ ತಂದು ನನ್ನ ಮುಂದಿಟ್ಟು "ತೊಳಿ" ಅಂದರು. ತೊಳೆದೆ. ಅತ್ತೆ ನಗುತ್ತ, "ನೀನು ತಿನ್ನಬೇಡ ಮಗಾ, ಕಾಲು ಮಾತ್ರ ಮುರಿದು ಕೊಡು" ಅಂದರು. ಒಳ್ಳೆಯವರು. ನನಗೆ ಬೇರೆ ಬಂಗಡೆ ಹುರಿದಿಟ್ಟಿದ್ದರು.

ಇನ್ನೊಂದು ಹೇಳದಿದ್ದರೆ ಈ ಕತೆ ಪೂರ್ತಿಯಾಗುವುದಿಲ್ಲ. ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಗಂಡನಿಗೆ ಚಹಾದ ಲೋಟ ಕೊಡಲು ಕೈ ಚಾಚಿದೆ. ಅವರು ಬೆಂಕಿ ಕಂಡವರ ಹಾಗೆ ಕೈ ಹಿಂದೆ ತೆಗೆದರು. "ಅಲ್ಲೇ ಇಡು, ಅಲ್ಲೇ ಇಡು!" ನನಗೆ ಕಣ್ಣಲ್ಲಿ ನೀರು. ಏನು ತಪ್ಪು ಮಾಡಿದೆನೋ, ನನ್ನನ್ನು ಕಂಡರೆ ಆಗುವುದಿಲ್ಲವೋ ಎಂದು ಒಳಗೆ ಹೋಗಿ ಕೂತೆ. ಆಮೇಲೆ ಅತ್ತೆ ಬಿಡಿಸಿ ಹೇಳಿದರು. ನಮಾಝಿಗೆ ಮೊದಲು ಕೈ, ಬಾಯಿ, ಮುಖ, ಕಾಲು ತೊಳೆದು ಶುದ್ಧವಾಗುತ್ತೇವಲ್ಲ, ಆ ವುಝೂ, ಶಾಫಿಯವರಲ್ಲಿ ಹೆಂಡತಿಯ ಕೈ ತಾಗಿದರೂ ಹೋಗುತ್ತದೆ. ನಮ್ಮಲ್ಲಿ ಹೋಗುವುದಿಲ್ಲ. ಅಷ್ಟೇ ವಿಷಯ. ಆಮೇಲೆ ನಾನೂ ಕಲಿತೆ. ಅಝಾನ್ ಹೊತ್ತಿಗೆ ಲೋಟ ಮೇಜಿನ ಮೇಲಿಡುತ್ತೇನೆ. ಮೆಲ್ಲಮೆಲ್ಲಗೆ ನನ್ನ ನಮಾಝೂ ಈ ಮನೆಯವರ ನಮಾಝಿನ ಹಾಗೇ ಆಯಿತು. ಯಾರೂ ಒತ್ತಾಯ ಮಾಡಲಿಲ್ಲ. ಒಟ್ಟಿಗೆ ನಿಂತು ನಿಂತು ಹಾಗಾಯಿತು. ಏಡಿ ಮಾತ್ರ ಇವತ್ತಿಗೂ ತಿನ್ನಲಾಗುವುದಿಲ್ಲ, ಅದು ಧರ್ಮದ್ದಲ್ಲ, ನಾಲಿಗೆಯದ್ದು.

ಈಗ ವಿಷಯಕ್ಕೆ ಬರುತ್ತೇನೆ. ಹೇಳಲು ನಾಚಿಕೆ. ಆದರೆ ನಾಚಿಕೆಯಿಂದಲೇ ಇಷ್ಟೆಲ್ಲ ಆದದ್ದರಿಂದ ಇನ್ನು ನಾಚಿಕೊಂಡು ಪ್ರಯೋಜನ ಇಲ್ಲ. ನನಗೆ ಮೂತ್ರ ನಿಲ್ಲುವುದಿಲ್ಲ. ಹೆರಿಗೆಗಳೆಲ್ಲ ಮುಗಿದು ಮಕ್ಕಳು ದೊಡ್ಡವರಾಗಿ ಅವರವರ ದಾರಿ ಹಿಡಿದ ಮೇಲೆ ಶುರುವಾಯಿತು. ಮೊದಮೊದಲು ಕೆಮ್ಮಿದರೆ ಒಂದು ಹನಿ. ನೀರಿನ ಕೊಡ ಎತ್ತಿದರೆ ಒಂದು ಹನಿ. ಆಮೇಲೆ ಕೆಮ್ಮೂ ಬೇಡ, ಕೊಡವೂ ಬೇಡ. ಒಲೆಯ ಮುಂದೆ ನಿಂತು ರೊಟ್ಟಿ ಮಾಡುವಾಗ ಬೆಚ್ಚಗೆ ತೊಡೆಗೆ ಇಳಿಯುತ್ತಿತ್ತು. ಎಷ್ಟು ಬಿಗಿ ಹಿಡಿದರೂ ನನ್ನ ಮೈ ನನ್ನ ಮಾತು ಕೇಳುತ್ತಿರಲಿಲ್ಲ. ಚಿಕ್ಕ ಮಗುವಾದರೂ ಗದರಿದರೆ ಕಲಿಯುತ್ತದೆ.

ಮದುವೆ ಮನೆಗಳಿಗೆ ಹೋಗುವುದು ಬಿಟ್ಟೆ. ಅದು ಹೋದರೆ ಹೋಗಲಿ. ನಮಾಝ್ ಬಿಡಲಾಗುತ್ತದೆಯೇ? ಮೂತ್ರ ಬಂದರೆ ವುಝೂ ಹೋಯಿತು, ಇದು ಸಣ್ಣ ಮಗುವಿಗೂ ಗೊತ್ತು. ವುಝೂ ಮಾಡಿ, ಬಟ್ಟೆ ಬದಲಿಸಿ, ಚಾಪೆ ಹಾಸಿ ಕೈ ಕಟ್ಟುವಷ್ಟರಲ್ಲಿ ಹನಿಯುತ್ತಿತ್ತು. ಮತ್ತೆ ಬಚ್ಚಲು. ಮತ್ತೆ ಚಾಪೆ. ಬಗ್ಗಿದಾಗ ಮತ್ತೆ. ಸೂರ್ಯ ಮುಳುಗಿದ ಮೇಲಿನ ಮಗ್ರಿಬಿನ ಹೊತ್ತು ಎಷ್ಟು ಸಣ್ಣದು, ಎಲ್ಲರಿಗೂ ಗೊತ್ತಿದ್ದದ್ದೇ. ಬಚ್ಚಲಿಗೂ ಚಾಪೆಗೂ ಓಡಾಡುವುದರಲ್ಲೇ ಹೊರಗೆ ಕತ್ತಲಾಗಿ, ಆ ಹೊತ್ತು ಕೈ ಬಿಟ್ಟು ಹೋಗುತ್ತಿತ್ತು. ಒಂದು ಸಂಜೆ ಬಚ್ಚಲಿನ ಕಟ್ಟೆಯ ಮೇಲೆ ಕೂತು, ಯಾ ಅಲ್ಲಾಹ್, ನಾನು ಬರ್ತೇನೆ ಅಂದ್ರೂ ಬರಲಿಕ್ಕೆ ಆಗ್ತಿಲ್ಲವಲ್ಲ ಅಂದೆ. ಬೇರೆ ಯಾರಿಗೆ ಹೇಳುವುದು?

ಹೇಳಿದ್ದು ಮೊದಲು ಮುಟ್ಟಳ್ಳಿಯ ಹೂವಿನವಳಿಗೆ. ವಾರಕ್ಕೆ ಕೆಲವು ಸಲ ಮಲ್ಲಿಗೆ ಮಾಲೆ, ಹರಿವೆ ಸೊಪ್ಪು ತರುತ್ತಾಳೆ. ನನ್ನ ವಯಸ್ಸೇ. ಒಂದು ದಿನ ಬುಟ್ಟಿ ಇಳಿಸುವಾಗ ಅವಳೇ ಹಲ್ಲು ಕಚ್ಚಿ, ಕಾಲಿಗೆ ಕಾಲು ಒತ್ತಿ ನಿಂತಳು. ನನಗೆ ತಿಳಿಯಿತು. ನಾನು ನಿಲ್ಲುವುದೂ ಹಾಗೆಯೇ.

"ನಿಂಗೂ ಇದ್ಯಾ?" ಅಂದೆ.

"ಎಂತ?" ಅಂದಳು. ಆಮೇಲೆ ನನ್ನ ಮುಖ ನೋಡಿ ಬುಟ್ಟಿ ಬದಿಗಿಟ್ಟಳು. "ಓಹೋ, ನಿಮಗೂ ಇದೆಯಾ ಅಮ್ಮಾ? ನಂಗೆ ಗೇರುಬೀಜದ ಹೊತ್ತಿನಿಂದ ಶುರು. ಸೀನು ಬಂತು ಅಂದ್ರೆ ಸೀರೆ ಹೋತು. ನಮ್ಮನೆಯವ್ರು ಕೇಳ್ತಾರೆ, ಎಂತಕ್ಕೆ ದಿನಾ ಇಷ್ಟು ಒಗೀತೆ ಅಂತ. ಹೂವಿನ ಬುಟ್ಟಿಯ ನೀರು ಸೀರೆಗೆ ಬೀಳ್ತದೆ ಅಂದೆ."

ಇಬ್ಬರೂ ನಕ್ಕೆವು. ನಗುವಾಗಲೂ ಇಬ್ಬರೂ ಕಾಲು ಬಿಗಿ ಹಿಡಿದೇ ನಕ್ಕದ್ದು. ಅವಳು ಕುಂಕುಮದ ಹಣೆಯ ಬೆವರು ಒರೆಸಿಕೊಳ್ಳುತ್ತ, "ನಂಗೆ ದೇವಸ್ಥಾನದ ಒಳಗೆ ಹೋಗೂಕೆ ಮನಸ್ಸು ಬತ್ತಿಲ್ಲ, ಹೊರಗೇ ಕೈ ಮುಗೀತೆ. ನಿಮ್ದು ಹೇಗೆ?" ಅಂದಳು. ನಮ್ಮದು ಹೊರಗೆ ನಿಂತು ಆಗುವುದಿಲ್ಲ ಎಂದು ಅವಳಿಗೆ ಹೇಗೆ ಹೇಳುವುದು. "ಕೇಳಬೇಕು" ಅಂದೆ. ಅವಳೊಬ್ಬಳಿಗೆ ಗೊತ್ತಾಯಿತು, ಹಂಗಿಸಲಿಲ್ಲ, ಹೇಸಲಿಲ್ಲ. ಅದನ್ನು ಆ ದಿನದ ಒಂದು ಕರುಣೆ ಅಂತ ಲೆಕ್ಕ ಹಿಡಿದೆ.

ಆ ರಾತ್ರಿ ಊಟದ ತಟ್ಟೆ ತೆಗೆಯುತ್ತ ಗಂಡನಿಗೆ ಹೇಳಿದೆ. ಅವರು ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟವರು, ದಿನವಿಡೀ ಹೆಂಗಸರ ಜೊತೆ ಮಾತಾಡುವವರು. ಆದರೆ ನನ್ನ ಮಾತು ಕೇಳುತ್ತ ತಟ್ಟೆಯ ಅಂಚನ್ನೇ ನೋಡುತ್ತಿದ್ದರು.

"ಮೌಲಾನಾರನ್ನ ಕೇಳಿ. ಇಂಥಾ ಕಾಯಿಲೆ ಇದ್ರೆ ವುಝೂ ಹೇಗೆ, ನಮಾಝ್ ಹೇಗೆ ಅಂತ."

"ಆತು, ಕೇಳ್ತೇನೆ."

"ಸರಿಯಾಗಿ ಕೇಳಿ."

"ಆತು ಅಂದೆ ಅಲ್ಲ."

ಮರುದಿನ ಸಂಜೆ ಚೀಲ ನನ್ನ ಕೈಗೆ ಕೊಡುತ್ತ ಅಡುಗೆಮನೆಯ ಬಾಗಿಲಲ್ಲೇ ಹೇಳಿಬಿಟ್ಟರು. "ಕೇಳಿದೆ. ವುಝೂ ಹೋಗೋದಿಲ್ಲವಂತೆ. ಆ ಜಾಗ ತೊಳೆದುಕೊಂಡು ಅದೇ ವುಝೂವಿನಲ್ಲಿ ನಮಾಝ್ ಮುಂದುವರಿಸಬಹುದಂತೆ."

"ಹೋಗೋದೇ ಇಲ್ಲವಂತಾ?"

"ಇಲ್ಲವಂತೆ."

"ಅದು ಹೇಗೆ?"

"ಹೇಗೆ ಅಂತ ನಂಗೇನು ಗೊತ್ತು. ದೊಡ್ಡವರು ಹೇಳಿದ್ದು."

ನನಗೆ ನಂಬಲಾಗಲಿಲ್ಲ. ಆದರೆ ಮುಳುಗುವವನಿಗೆ ಹಗ್ಗ ಸಿಕ್ಕರೆ ಯಾವ ಅಂಗಡಿಯದ್ದು ಎಂದು ಕೇಳುತ್ತಾನೆಯೇ? ರೋಗಿಗೆ ರಿಯಾಯಿತಿ ಇರುತ್ತದೆ ಎಂದು ಗೊತ್ತಿತ್ತು. ನೀರು ಮುಟ್ಟಬಾರದವರಿಗೆ ಮಣ್ಣಿನಿಂದ ಶುದ್ಧಿ ಇದೆ, ಪ್ರಯಾಣದವರಿಗೆ ನಮಾಝ್ ಮೊಟಕು, ಉಪವಾಸ ಆಗದವರು ಬಡವರಿಗೆ ಊಟ ಹಾಕಿದರಾಯಿತು. ಇದೂ ಅಂಥದ್ದೇ ಇರಬೇಕು ಅಂದುಕೊಂಡೆ. ಅಲ್ಲಾಹನ ಕರುಣೆ ದೊಡ್ಡದು, ಶಾಫಿಯವರಲ್ಲಿ ನನಗಾಗಿಯೇ ಒಂದು ಬಾಗಿಲು ಇಟ್ಟಿದ್ದಾನೆ ಅಂದುಕೊಂಡೆ. ಆ ಮಳೆಗಾಲ ಇಡೀ ನಾನು ಹಾಗೇ ನಮಾಝ್ ಮಾಡಿದೆ. ಹನಿದರೆ ತೊಳೆದು ಬಟ್ಟೆ ಬದಲಿಸುವುದು, ಬಂದು ಅದೇ ವುಝೂವಿನಲ್ಲಿ ನಿಲ್ಲುವುದು. ಮಗ್ರಿಬ್ ತಪ್ಪುವುದು ನಿಂತಿತು. ಮನಸ್ಸು ಹಗುರವಾಯಿತು. ಸಜ್ದಾದಲ್ಲಿ ಹಣೆ ಇಟ್ಟು ಎಷ್ಟು ಹೊತ್ತು ಉಪಕಾರ ನೆನೆದು ಶುಕ್ರ್ ಹೇಳಿದ್ದೇನೋ.

ಮೈ ಮಾತ್ರ ಇನ್ನೂ ಕೆಟ್ಟಿತು. ಕೊನೆಗೆ ಗಂಡನೇ ಡಾಕ್ಟರಿಗೆ ತೋರಿಸೋಣ ಅಂದರು. ಭಟ್ಕಳದಲ್ಲಿ ಬೇಡ ಅಂದೆ. ಇಲ್ಲಿ ಯಾವ ದವಾಖಾನೆಯ ಬೆಂಚಿನಲ್ಲಿ ಕೂತರೂ ಪಕ್ಕದಲ್ಲಿ ಒಬ್ಬಳು ನೆಂಟಳು ಇರುತ್ತಾಳೆ, "ಎಂತಕ್ಕೆ ಬಂದದ್ದು?" ಅನ್ನುತ್ತಾಳೆ. ಕುಮಟಾದಲ್ಲಿ ಒಬ್ಬ ಹೆಂಗಸು ಡಾಕ್ಟರ್ ಇದ್ದಾರೆ ಎಂದು ಹೂವಿನವಳೇ ಹೇಳಿದ್ದಳು. ಅಲ್ಲಿಗೆ ಹೊರಟೆವು.

ಬಸ್ ಸ್ಟ್ಯಾಂಡಿನಲ್ಲಿ ಕುಮಟಾ ಬಸ್ಸಿಗೆ ಕಾಯುತ್ತಿದ್ದಾಗ ಮೌಲಾನಾರು ಬಂದರು. ಹೊನ್ನಾವರದಿಂದ ಬರುವ ಯಾರನ್ನೋ ಕರೆದುಕೊಂಡು ಹೋಗಲು ಬಂದದ್ದಂತೆ. ನನ್ನ ಗಂಡನ ಕೈ ಹಿಡಿದು ಸಲಾಮ್ ಹೇಳಿದರು. ನಾನು ಬುರ್ಖಾದಲ್ಲಿ ಎರಡು ಹೆಜ್ಜೆ ಹಿಂದೆ ಕಂಬದ ಪಕ್ಕ ನಿಂತಿದ್ದೆ. ಅವರು ಮಳೆ, ಅಂಗಡಿ, ಮಕ್ಕಳ ಸುದ್ದಿಯೆಲ್ಲ ಕೇಳಿ ಹೊರಡುವವರು, ಏನೋ ನೆನಪಾಗಿ ತಿರುಗಿದರು.

"ಅಂದ ಹಾಗೆ, ನಿಮ್ಮ ನೆರೆಮನೆಯ ಆ ಹೆಂಗಸಿನ ಮೂಗು ಹೇಗಿದೆ ಈಗ?"

ನನ್ನ ಗಂಡ ಬಸ್ಸು ಬರುವ ದಾರಿ ನೋಡಿದರು.

"ರಕ್ತ ನಿಂತಿತಾ? ಅವರಿಗೆ ಹೇಳಿ, ರಕ್ತ ಬಂದಾಗ ತಲೆ ಹಿಂದಕ್ಕೆ ಹಾಕಬಾರದು. ಮುಂದಕ್ಕೆ ಬಗ್ಗಿಸಿ ಮೂಗು ಒತ್ತಿ ಹಿಡೀಬೇಕು. ನನ್ನ ಅಳಿಯ ಡಾಕ್ಟರ್, ಅವನು ಹೇಳಿದ್ದು. ನಾನು ಅವತ್ತು ಧರ್ಮದ ಮಸ್‌ಅಲಾ ಮಾತ್ರ ಹೇಳಿದೆ, ಇದನ್ನು ಹೇಳಲಿಕ್ಕೆ ಮರೆತೆ."

"ಹೇಳ್ತೇನೆ" ಅಂದರು ನನ್ನ ಗಂಡ. ಅವರ ಕಿವಿ ಕೆಂಪಾಗಿತ್ತು. ಮೌಲಾನಾರು ಒಳ್ಳೆಯ ಮನುಷ್ಯರು, ತಾವು ಕಂಡಿರದ ಯಾರೋ ಹೆಂಗಸಿನ ಮೂಗನ್ನು ಇಷ್ಟು ದಿನ ನೆನಪಿಟ್ಟುಕೊಂಡಿದ್ದರು. ನಾನು ಕಂಬ ಹಿಡಿದು ನಿಂತೆ.

ಬಸ್ ಬಂತು. ಹತ್ತಿದೆವು. ನನಗೆ ಕಿಟಕಿಯ ಸೀಟು ಸಿಕ್ಕಿತು, ಅವರು ಪಕ್ಕದಲ್ಲಿ. ಮುರ್ಡೇಶ್ವರದ ತಿರುವು ದಾಟಿತು.

"ಮೂಗಾ?" ಅಂದೆ ಆಮೇಲೆ.

"ಮೆಲ್ಲಗೆ."

"ಮೂಗು ಅಂದ್ರಾ ನೀವು?"

"ಮತ್ತೆ ಎಂತ ಅನ್ನೋದು? ಅಲ್ಲಿ ಹತ್ತು ಜನ ಕೂತಿದ್ರು."

"ಹತ್ತು ಜನ ಇದ್ರೆ ಮರುದಿನ ಕೇಳಬೇಕಿತ್ತು."

"ಮರುದಿನ ಇಪ್ಪತ್ತು ಜನ ಇರ್ತಾರೆ."

"ಕೆಳಗಿನದ್ದನ್ನ ತೆಗೆದು ಮೇಲೆ ಇಟ್ರಲ್ಲ."

"ಸೋರೋದು ಸೋರೋದೇ ಅಲ್ವಾ?" ಅಂದರು ಅವರು, ಮುಂದಿನ ಸೀಟಿನ ಕಂಬಿ ಹಿಡಿದು. "ಮೈಯಿಂದ ಸೋರ್ತದೆ, ನಿಲ್ಲಿಸ್ಲಿಕ್ಕೆ ಆಗೋದಿಲ್ಲ. ಎರಡೂ ಒಂದೇ ಅಂದ್ಕೊಂಡೆ. ನಿನ್ನ ಮಾನ ಹೋಗಬಾರದು ಅಂತ."

ನನಗೆ ಸಿಟ್ಟು ಬರಬೇಕಿತ್ತು. ಬಂತು. ಆದರೆ ಆ ಮನುಷ್ಯನ ಮುಖ ನೋಡಿದರೆ ಪರೀಕ್ಷೆಯಲ್ಲಿ ತಪ್ಪು ಬರೆದು ಬಂದ ಹುಡುಗನ ಹಾಗಿತ್ತು. ನನಗೂ ಗೊತ್ತಿತ್ತು: ಶಾಫಿಯವರಲ್ಲಿ ಮೂಗಿನ ರಕ್ತದಿಂದ ವುಝೂ ಹೋಗುವುದಿಲ್ಲ. ಹನಫಿಯವರಲ್ಲಿ ಹರಿದರೆ ಹೋಗುತ್ತದೆ. ಮೌಲಾನಾರ ಉತ್ತರ ಸರಿಯಾಗಿಯೇ ಇತ್ತು, ಮೂಗಿಗೆ. ಅವರು ಒಂದು ಪದವನ್ನೂ ತಪ್ಪು ಹೇಳಿರಲಿಲ್ಲ. ಸರಿಯಾದ ಉತ್ತರವನ್ನು ಹಿಡಿದುಕೊಂಡೇ ನಾನು ಒಂದು ಮಳೆಗಾಲ ಪೂರ್ತಿ ವುಝೂ ಇಲ್ಲದೆ ಅಲ್ಲಾಹನ ಮುಂದೆ ನಿಂತಿದ್ದೆ.

ಬಸ್ ಶರಾವತಿಯ ಸೇತುವೆ ಹತ್ತಿತು. ಈ ಸೇತುವೆ ದಾಟುವಾಗಲೆಲ್ಲ ನಾನು ನಮ್ಮಮ್ಮನಿಗೆ ಸಲಾಮ್ ಹೇಳುತ್ತೇನೆ. ಅವರ ಕಬರು ಹೊನ್ನಾವರದಲ್ಲೇ. ಕಡೆಗಾಲದಲ್ಲಿ ನಮ್ಮಮ್ಮನಿಗೆ ನಿಲ್ಲಲು ಶಕ್ತಿ ಇರಲಿಲ್ಲ, ಆದರೂ ಕಿಟಕಿಯ ಸರಳು ಹಿಡಿದು ನಿಂತೇ ನಮಾಝ್ ಮಾಡುತ್ತಿದ್ದರು. ಕೂತ್ಕೊ ಅಮ್ಮಾ ಅಂದರೆ, "ನಿಂತುಕೊಳ್ಳಲಿಕ್ಕೆ ಆಗುವವರೆಗೆ ನಿಲ್ಲಬೇಕು ಮಗಾ, ಎದುರಿಗೆ ಯಾರಿದ್ದಾರೆ ನೋಡು" ಅನ್ನುತ್ತಿದ್ದರು. ಆ ಹೆಂಗಸಿನ ಮಗಳು ನಾನು. ಆ ದಿನ ಸಲಾಮ್ ಹೇಳಲು ಬಾಯಿ ಬರಲಿಲ್ಲ. ಸೇತುವೆ ಮುಗಿಯುವುದರೊಳಗೆ ಬಸ್ ಒಂದು ಹೊಂಡಕ್ಕೆ ಬಿತ್ತು, ಆ ಏಟಿಗೆ ನನ್ನ ಬಟ್ಟೆ ಒದ್ದೆಯಾಯಿತು. ಇಳಿಯುವಂತಿಲ್ಲ, ಏಳುವಂತಿಲ್ಲ. ನನ್ನ ಊರು ಕಿಟಕಿಯಲ್ಲಿ ಹಿಂದೆ ಹಿಂದೆ ಹೋಯಿತು. ಬುರ್ಖಾ ಕಪ್ಪು, ಗೊತ್ತಾಗುವುದಿಲ್ಲ. ಅದೂ ಒಂದು ಕರುಣೆಯೇ, ಅಂದುಕೊಂಡೆ.

ಕುಮಟಾದ ಡಾಕ್ಟರಮ್ಮ ತಾಳ್ಮೆಯಿಂದ ನೋಡಿದರು. ಅಲ್ಲಿ ನಾನೇ ಮಾತಾಡಿದೆ, ಗಂಡ ಹೊರಗೆ ಬೆಂಚಿನಲ್ಲಿದ್ದರು. ಕೆಳಗಿನ ಸ್ನಾಯುಗಳು ಸಡಿಲವಾಗಿವೆ, ಸಕ್ಕರೆ ಕಾಯಿಲೆಯೂ ಸೇರಿದೆ ಅಂದರು. ಬಿಗಿ ಹಿಡಿದು ಬಿಡುವ ಒಂದು ವ್ಯಾಯಾಮ ಕಲಿಸಿದರು. ಸಕ್ಕರೆ ಇಳಿಯುವವರೆಗೆ ಆಪರೇಶನ್ ಮಾತು ಬೇಡ ಅಂದರು.

"ಪೂರ್ತಿ ನಿಲ್ತದಾ ಡಾಕ್ಟ್ರೇ?"

"ಕಡಿಮೆ ಆಗಬಹುದು. ಪೂರ್ತಿ ಅಂತ ನಾನು ಮಾತು ಕೊಡ್ಲಿಕ್ಕೆ ಆಗೋದಿಲ್ಲ ಅಮ್ಮಾ."

ಅವರು ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು ಎಂದು ಬರುವಾಗ ದಾರಿಯಲ್ಲಿ ಅನ್ನಿಸಿತು.

ಮನೆಗೆ ಬಂದ ಮೇಲೆ ಗಂಡ, "ನಾನು ಮತ್ತೆ ಹೋಗಿ ಸರಿಯಾಗಿ ಕೇಳ್ತೇನೆ" ಅಂದರು. ಬೇಡ ಅಂದೆ. ಮೂಗು ಈಗ ಜಾಗ ಬದಲಿಸಿದೆ ಅಂತ ಯಾವ ಬಾಯಲ್ಲಿ ಹೇಳುತ್ತಾರೆ? ನಾನೇ ಹೋದೆ. ನಮ್ಮ ಬೀದಿಯ ಕೊನೆಗೆ ಹುಡುಗಿಯರ ಮದ್ರಸಾದಲ್ಲಿ ಕಲಿಸುವ ಒಬ್ಬಳು ಆಲಿಮಾ ಇದ್ದಾಳೆ, ಧರ್ಮಶಾಸ್ತ್ರ ಓದಿದವಳು. ನನ್ನ ಮಗಳ ಓರಗೆಯವಳು, ಆದರೂ ಎಲ್ಲರೂ ಆಪಾ, ಅಕ್ಕ, ಅನ್ನುವುದು. ಹುಡುಗಿಯರೆಲ್ಲ ಮನೆಗೆ ಹೋದ ಹೊತ್ತು ನೋಡಿ ಅವಳ ಮನೆಗೆ ಹೋದೆ. ಅವಳು ಅಕ್ಕಿ ಆರಿಸುತ್ತಿದ್ದಳು. "ಬನ್ನಿ ಖಾಲಾ" ಎಂದು ಮೊರ ಸರಿಸಿ ಜಾಗ ಮಾಡಿದಳು.

ದಾರಿಯುದ್ದಕ್ಕೂ ನಾನು ಹೇಳಬೇಕಾದ್ದನ್ನು ಜೋಡಿಸಿಕೊಂಡು ಬಂದಿದ್ದೆ. ಬಾಯಿ ಬಿಟ್ಟರೆ ಬಂದದ್ದು: "ಆಪಾ, ಒಬ್ಬ ಹೆಂಗಸು ಇದ್ದಾಳೆ."

ಗಂಡನನ್ನು ಬೈದ ನಾಲಿಗೆಯೇ ಇದನ್ನು ಹೇಳಿದ್ದು. ಆದರೆ ಮುಂದಿನದ್ದನ್ನು ನಾನು ಬದಲಿಸಲಿಲ್ಲ. ಮೂಗು ಅನ್ನಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಮೌಲಾನಾರ ಉತ್ತರದ ಕತೆಯನ್ನೂ ಹೇಳಿದೆ. ಸೋರೋದು ಸೋರೋದೇ ಅನ್ನುವಲ್ಲಿ ಅವಳು ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟಳು.

"ಮಾಫ್ ಮಾಡಿ ಖಾಲಾ. ಆ ಹೆಂಗಸಿನ ಗಂಡ ಮಾಡಿದ್ದು ಉಂಟಲ್ಲ, ಗೊತ್ತಿರೋದಕ್ಕೆ ಗೊತ್ತಿಲ್ಲದ್ದನ್ನ ಹೋಲಿಸಿ ನೋಡೋದು, ದೊಡ್ಡ ದೊಡ್ಡ ವಿದ್ವಾಂಸರೂ ಅದನ್ನೇ ಮಾಡಿದ್ದು. ಫಿಕ್ಹಿನಲ್ಲಿ ಅದಕ್ಕೇ ಒಂದು ಪಾಠ ಇದೆ. ಆದರೆ ಯಾವುದನ್ನ ಯಾವುದಕ್ಕೆ ಹೋಲಿಸಬಹುದು ಅಂತ ಕಲೀಲಿಕ್ಕೆ ವರ್ಷಗಟ್ಟಲೆ ಬೇಕು. ಅವರು ಊಟದ ತಟ್ಟೆ ಮುಂದೆ ಕಲ್ತುಬಿಟ್ರು."

"ನಾವು ಹೆಂಗಸರು ಎಂತ ಮಾಡೋದು ಆಪಾ? ಅಲ್ಲಾಹ ಹೇಳಿದ್ದು ಹೀಗೆ ಅಂತ ಅವರು ಬಂದು ಹೇಳಿದ್ರೆ ನಾವು ನಂಬ್ತೇವೆ."

ಅವಳು ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಬದಿಗಿಟ್ಟಳು. "ಅಲ್ಲಾಹ ಹೇಳಿದ್ದರಲ್ಲಿ ತಪ್ಪಿಲ್ಲ ಖಾಲಾ. ಅದನ್ನ ನಮ್ಮ ಬದುಕಿಗೆ ತಂದು ಕೂರಿಸೋದು ಉಂಟಲ್ಲ, ಅದು ಮನುಷ್ಯರ ಕೆಲಸ. ಫಿಕ್ಹ್ ಅಂದ್ರೆ ತಿಳಿಯೋದು ಅಂತಷ್ಟೇ ಅರ್ಥ. ಕೇಳಿದವರ ಸ್ಥಿತಿ ತಿಳೀದೆ ಹೇಳಿದ್ರೆ ಅದು ಉತ್ತರವೇ ಅಲ್ಲ. ಈಗ ನಾನು ಕೇಳ್ತೇನೆ, ಆ ಹೆಂಗಸಿನ ಪರವಾಗಿ ನೀವು ಹೇಳಿ."

ಕೇಳಿದಳು. ಡಾಕ್ಟರಿಗಿಂತ ಹೆಚ್ಚು ಕೇಳಿದಳು. ದಿನವಿಡೀ ಹನಿಯುತ್ತದೆಯೋ ಕೆಲವು ಹೊತ್ತೋ? ಬೆಳಿಗ್ಗೆ ಮಲಗಿ ಎದ್ದಾಗ ಕಡಿಮೆ, ಸಂಜೆ ಹಿಡಿತವೇ ಇಲ್ಲ ಅಂದೆ. ನಾನು ನಮ್ಮಮ್ಮನ ಹನಫಿ ರೀತಿಯನ್ನೂ ಕೇಳಿದೆ, ಅವಳು ಎರಡನ್ನೂ ಬಿಡಿಸಿ ಹೇಳಿದಳು. ಅಲ್ಲಿ ಇಂಥ ರೋಗಿಗೆ ಒಂದು ಹೊತ್ತಿಗೆ ಒಂದೇ ವುಝೂ, ಆ ಹೊತ್ತು ಮುಗಿಯುವವರೆಗೆ ಹನಿದರೂ ಅದು ಇರುತ್ತದೆ. ಶಾಫಿಯಲ್ಲಿ ಒಂದೊಂದು ಕಡ್ಡಾಯದ ಫರ್ಝ್ ನಮಾಝಿಗೂ ಬೇರೆ ಬೇರೆಯಾಗಿ ತೊಳೆದು, ಬಟ್ಟೆ ಕಟ್ಟಿ, ಹೊಸ ವುಝೂ. ಆಸೆಯಿಂದ ಕೇಳಿದೆ, "ಆ ಹೆಂಗಸು ತವರಿನ ರೀತಿ ಹಿಡೀಬಹುದಾ?"

"ಕಷ್ಟ ಇದ್ದವರಿಗೆ ಆ ಬಾಗಿಲೂ ಇದೆ. ಆದರೆ ಹೋದ್ರೆ ಪೂರ್ತಿ ಹೋಗಬೇಕು, ಅಲ್ಲಿನ ಸುಲಭ ಒಂದನ್ನೇ ಹೆಕ್ಕಿಕೊಂಡು ಬರ್ಲಿಕ್ಕೆ ಆಗೋದಿಲ್ಲ. ಅಲ್ಲಿ ರೋಗಿ ಅನ್ನಿಸಿಕೊಳ್ಳಬೇಕಿದ್ರೆ ಒಂದು ಹೊತ್ತು ಪೂರ್ತಿ ನಿಲ್ಲದೇ ಹನೀಬೇಕು, ಒಂದು ನಮಾಝ್ ಮಾಡುವಷ್ಟೂ ಬಿಡುವು ಸಿಗಬಾರದು. ಆ ಹೆಂಗಸಿಗೆ ಹಾಗಿದೆಯಾ?"

ಹಾಗಿರಲಿಲ್ಲ. ಕೆಲವು ಹೊತ್ತು ನಿಲ್ಲುತ್ತಿತ್ತು. ನಾನು ಪೂರ್ತಿ ಗುಣವಾದವಳೂ ಅಲ್ಲ, ಪೂರ್ತಿ ರೋಗಿಯೂ ಅಲ್ಲ. ನಮ್ಮಮ್ಮನ ಮನೆಯ ಬಾಗಿಲಲ್ಲೂ ನನಗೆ ಜಾಗ ಸಿಗಲಿಲ್ಲ.

"ನಿಲ್ಲೋದು ಯಾವಾಗ?" ಅಂದಳು ಅವಳು.

"ಮಲಗಿದಾಗ. ಮತ್ತೆ..."

"ಕೂತಾಗ?"

ನಾನು ಅಲ್ಲಿ ಬಂದು ಕೂತು ಎಷ್ಟೋ ಹೊತ್ತಾಗಿತ್ತು. ಆಗಲೇ ನನಗೆ ಅದು ಗಮನಕ್ಕೆ ಬಂದದ್ದು. ಬಟ್ಟೆ ಒದ್ದೆಯಾಗಿರಲಿಲ್ಲ.

"ಕೂತಾಗ ನಿಲ್ತದೆ" ಅಂದೆ.

"ಹಾಗಾದ್ರೆ ಆ ಹೆಂಗಸು ಕೂತೇ ನಮಾಝ್ ಮಾಡಬೇಕು. ನಿಲ್ಲೋದು ಬೇಡ, ಬಗ್ಗೋದು ಕೂತಲ್ಲಿಂದಲೇ. ನಿಂತ್ರೆ ವುಝೂ ಹೋಗ್ತದೆ, ಕೂತ್ರೆ ಉಳೀತದೆ ಅಂದ್ರೆ ನಿಲ್ಲೋದನ್ನ ಬಿಡಬೇಕು."

"ಬಿಡಬಹುದಾ, ಬಿಡಬೇಕಾ?"

"ಬಿಡಬೇಕು."

ಸುಲಭವಾಯಿತಲ್ಲ ಎಂದು ಓದುವವರಿಗೆ ಅನ್ನಿಸಬಹುದು. ನನಗೆ ನಮ್ಮಮ್ಮನ ಕೈಯಲ್ಲಿದ್ದ ಕಿಟಕಿ ಸರಳು ಕಂಡಿತು. ನನ್ನ ಕಾಲು ಗಟ್ಟಿ ಇದೆ. ಈಗಲೂ ಅಕ್ಕಿ ಮೂಟೆ ಸರಿಸುತ್ತೇನೆ. ನಿಲ್ಲಲು ಆಗುವವಳು ನಿಲ್ಲಬಾರದು, ಎದುರಿಗೆ ಯಾರಿದ್ದಾರೆಂದು ಗೊತ್ತಿದ್ದೂ.

"ಮತ್ತೆ ಆ ಮಳೆಗಾಲದ ನಮಾಝ್?" ಎಂದು ಕೇಳಿದೆ. ಕೇಳದೇ ಬಂದುಬಿಡಬಹುದಿತ್ತು.

ಅವಳು ಅಕ್ಕಿಯಲ್ಲಿ ಕೈಯಾಡಿಸುವುದನ್ನು ನಿಲ್ಲಿಸಿದಳು. "ತಿರುಗಿ ಮಾಡಬೇಕಾಗ್ತದೆ ಖಾಲಾ" ಅಂದಳು. ಆ ಹೆಂಗಸು ಅನ್ನಲಿಲ್ಲ. ಅಲ್ಲಿಯವರೆಗೆ ನಮ್ಮಿಬ್ಬರ ನಡುವೆ ಕೂತಿದ್ದ ಆ ನೆರೆಮನೆಯವಳು ಎದ್ದು ಹೋಗಿದ್ದಳು.

"ನನ್ನ ತಪ್ಪಲ್ಲ ಆಪಾ."

"ಅಲ್ಲ. ಗುನಾಹ್ ಇಲ್ಲ, ಪಾಪ ಇಲ್ಲ ನಿಮ್ಮ ಮೇಲೆ, ನಿಮ್ಮ ಯಜಮಾನರು ಒಳ್ಳೇ ಮನಸ್ಸಿಂದ ಮಾಡಿದ್ರು. ಆದರೆ ನಮಾಝ್ ಬಾಕಿ ಇದೆ. ಹನಿದದ್ದು ಖಂಡಿತ ಗೊತ್ತಿದ್ದದ್ದನ್ನ ಮಾತ್ರ ಮಾಡಿ. ಹನಿದಿತ್ತೋ ಇಲ್ಲವೋ ಅಂತ ಸಂಶಯ ಇದ್ದದ್ದನ್ನ ಬಿಡಿ, ಸಂಶಯ ಬಂತು ಅಂತ ವುಝೂ ಹೋಗೋದಿಲ್ಲ. ಒಂದೇ ಸಲ ಅಲ್ಲ, ಶಕ್ತಿ ಇದ್ದಷ್ಟು." ಮೊರ ಹತ್ತಿರ ಎಳೆದುಕೊಳ್ಳುತ್ತ ಹೇಳಿದಳು, "ನಾನೂ ನನಗೆ ಕಲಿಸಿದ ಉಸ್ತಾದರನ್ನ ಇನ್ನೊಮ್ಮೆ ಕೇಳ್ತೇನೆ. ನಿಮ್ಮ ಹೆಸರು ಹೇಳೋದಿಲ್ಲ. ಒಬ್ಬ ಹೆಂಗಸು ಅಂತೇನೆ."

ಕೆಲವು ದಿನ ಕಳೆದು ಅವಳು ಹೇಳಿ ಕಳಿಸಿದಳು. ಉಸ್ತಾದರು ಹೇಳಿದ್ದೂ ಅದೇ.

ಈಗ ನಾನು ಮಧ್ಯಾಹ್ನದ ನಮಾಝಿನ ಬೆನ್ನಿಗೆ ಬಾಕಿ ಇದ್ದದ್ದರಲ್ಲಿ ಒಂದನ್ನು ಮಾಡುತ್ತೇನೆ. ಅದಕ್ಕೂ ಬೇರೆ ವುಝೂ, ಬೇರೆ ಬಟ್ಟೆ. ಕೆಲವು ದಿನ ಆಗುವುದಿಲ್ಲ. ಯಾವಾಗ ಮುಗಿಯುತ್ತದೋ, ನನ್ನ ಆಯುಷ್ಯ ಅಲ್ಲಿಯವರೆಗೆ ಇದೆಯೋ, ನನಗೆ ತಿಳಿಯದು. ಡಾಕ್ಟರಮ್ಮ ಕಲಿಸಿದ ವ್ಯಾಯಾಮವನ್ನೂ ಮಾಡುತ್ತೇನೆ. ಹೂವಿನವಳಿಗೂ ಕಲಿಸಿದೆ. "ಎಂತ ಹೇಳಿದ ನಿಮ್ಮ ದೇವ್ರು?" ಎಂದು ಕೇಳಿದಳು. ಕೂತ್ಕೊ ಅಂದ ಅಂದೆ. "ಸಾಕಲ್ಲ ಅಮ್ಮಾ" ಅಂದಳು. ರಮಝಾನಿನ ರಾತ್ರಿ ನಮಾಝಿಗೆ ಬೀದಿಯ ಹೆಂಗಸರೆಲ್ಲ ಒಂದು ಮನೆಯಲ್ಲಿ ಸೇರಿದಾಗ ನಾನು ಸಾಲಿನ ತುದಿಯಲ್ಲಿ ಕೂತೆ. "ಮಂಡಿನೋವಾ?" ಎಂದು ಪಕ್ಕದವಳು ಕೇಳಿದಳು. ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಅವಳಾಗಿಯೇ ಒಂದು ಎಣ್ಣೆಯ ಹೆಸರು ಹೇಳಿದಳು.

ಮೊನ್ನೆ ಗಾಳಿ ಮಳೆ ಜೋರಾಗಿ ಗಂಡ ಮಗ್ರಿಬಿಗೆ ಮಸೀದಿಗೆ ಹೋಗಲಾಗಲಿಲ್ಲ. ಮನೆಯಲ್ಲೇ ಅವರು ಮುಂದೆ ನಿಂತರು, ನಾನು ಹಿಂದೆ ಕೂತೆ. ಅವರಿಗೆ ಉದ್ದ ಉದ್ದ ಓದುವುದೆಂದರೆ ಇಷ್ಟ, ಸ್ವರ ಒಳ್ಳೆಯದಿದೆ. ಮೊದಲೆಲ್ಲ ಅವರ ಹಿಂದೆ ನಿಂತರೆ ಅಡುಗೆ ತಣ್ಣಗಾಗುತ್ತಿತ್ತು. ಆ ದಿನ ಕುರ್‌ಆನಿನ ಎಲ್ಲಕ್ಕಿಂತ ಚಿಕ್ಕ ಸೂರಾ ಓದಿದರು. ನಮಾಝಿನ ಎರಡನೆಯ ಸುತ್ತಿನಲ್ಲೂ ಚಿಕ್ಕದೇ. ಸಜ್ದಾದಿಂದ ಅವರು ಎದ್ದು ನಿಂತಾಗ ನನ್ನ ಕಾಲೂ ಏಳಲು ಹೊರಟಿತು, ಹಿ‍ಡಿದು ಕೂರಿಸಿದೆ. ಅವರ ಹಿಮ್ಮಡಿ ನೋಡುತ್ತ ಕೂತೇ ಇದ್ದೆ.

ಸಲಾಮ್ ಹೇಳಿ ಮುಗಿಸಿದ ಮೇಲೆ ಅವರು ತಿರುಗಿ ನನ್ನನ್ನು ನೋಡಿದರು. ಎದ್ದು ಬಂದು ಕೈ ಚಾಚಿದರು.

"ನಿಮ್ಮ ವುಝೂ" ಅಂದೆ.

"ರಾತ್ರಿ ಇಶಾಗೆ ಮತ್ತೆ ಮಾಡಿದ್ರಾತು" ಅಂದರು.

ಕೈ ಹಿಡಿದು ಎದ್ದೆ. ಎದ್ದ ಕೂಡಲೇ ಹನಿಯಿತು. ನಮಾಝ್ ಮುಗಿದಿತ್ತು.